ಸಂಜೆ ಬಸ್ಸಿನ ಸಾಕ್ಷಿ

“ಮಾತು ಕೇಳ್ಬೇಡಿ, ದೀಪ ನೋಡಿ. ಓಟು ಕೇಳೋಕೆ ಬಂದಾಗ ನಿಮ್ಮ ಅಡುಗೆಮನೇಲಿ ಕೂತು ಸೇಬಿನ ಪೈ ತಿಂತಾರೆ, ಮಗೂನ ಎತ್ಕೊಂಡು ಮುದ್ದಾಡ್ತಾರೆ, ಸತ್ತ ನಿಮ್ಮಪ್ಪನ ಹೆಸರು ಹೇಳಿ ಕಣ್ಣೊರೆಸ್ಕೋತಾರೆ. ಅದೆಲ್ಲ ಗಾಳಿಗೆ ಹೋಯ್ತು ಅಂತ ತಿಳ್ಕೊಳ್ಳಿ. ಶಾಸನಸಭೆಯ ಗೋಡೆ ಮೇಲೆ ಅವರವರ ಹೆಸರು ಬರೆದು ಪಕ್ಕದಲ್ಲಿ ದೀಪ ಇಟ್ಟಿದ್ದಾರೆ. ಮಸೂದೆಗೆ ಹೂಂ ಅಂದ್ರೆ ಹಸಿರು, ಊಹೂಂ ಅಂದ್ರೆ ಕೆಂಪು. ಆ ದೀಪಕ್ಕೆ ನಗೋಕೂ ಬರಲ್ಲ, ಅಳೋಕೂ ಬರಲ್ಲ. ನಾನಲ್ಲಿ ಹೋದಾಗ ಕಿವಿ ಎರಡನ್ನೂ ಕಿತ್ತು ಕೋಟಿನ ಜೇಬಿಗೆ ಹಾಕ್ಕೊಂಡುಬಿಡ್ತೀನಿ. ಕಣ್ಣಾರೆ ಕಂಡದ್ದಷ್ಟೇ ತಂದು ನಿಮ್ಮ ಮುಂದೆ ಇಡ್ತೀನಿ. ಬೇಕಾದ್ರೆ ತಗೊಳ್ಳಿ, ಬೇಡಾಂದ್ರೆ ಹಿಲ್ಡಾ ಕೊಟ್ಟ ಕಾಫಿ ಕುಡ್ದು ಮನೆಗೆ ಹೋಗಿ.”

ಭಾನುವಾರದ ಪ್ರಾರ್ಥನೆ ಮುಗಿದು ನಾವೆಲ್ಲ ಚರ್ಚಿನ ನೆಲಮಾಳಿಗೆಗೆ ಇಳಿದ ಮೇಲೆ ಆಲ್ವಿನ್ ಸ್ಕೋಗೆನ್ ಹೀಗೆ ಶುರುಮಾಡುತ್ತಿದ್ದ. ಕಾಫಿ ಸುರಿಯುವ ಕೆಲಸ ನನ್ನದು. ಆದ್ದರಿಂದ ಅವನ ಮಾತು ಒಂದೂ ನನ್ನ ಕಿವಿ ತಪ್ಪಿದ್ದಿಲ್ಲ. ಆಯುಷ್ಯದ ಬಹುಭಾಗ ರೈಲುಹಳಿ ರಿಪೇರಿಯಲ್ಲಿ ಸವೆಸಿದ ಆ ದೇಹ, ನಿವೃತ್ತಿಯಾದ ಮೇಲೂ, ಸಪಾಟಾದ ನೆಲದ ಮೇಲೂ, ಹಳಿಯಡಿ ಹಾಸುವಂಥ, ಕಣ್ಣಿಗೆ ಕಾಣದ ಮರದ ಹಲಗೆಗಳನ್ನು ಹುಡುಕಿ ಹುಡುಕಿ ಹೆಜ್ಜೆಯಿಡುತ್ತಿತ್ತು. ಮೈಮೇಲೆ ರೈಲ್ವೆಯ ಹಳೆಯ ಉಣ್ಣೆಯ ಕೋಟು. ಅದರ ಹಿತ್ತಾಳೆ ಗುಂಡಿಗಳ ನಡುವೆ ಒಂದು ಮಾತ್ರ ನೀಲಿ, ತೀರಿಹೋದ ಹೆಂಡತಿಯ ಉಡುಪಿನದು.

ಚಳಿಗಾಲದಲ್ಲಿ ಅಧಿವೇಶನ ಕೂತಾಗ, ಮುಖ್ಯ ಮಸೂದೆ ಮತಕ್ಕೆ ಬರುವ ದಿನ, ಅವನು ಬೆಳಗಿನ ಬಸ್ಸಿಗೆ ರಾಜಧಾನಿಗೆ ಹೋಗಿ ಗ್ಯಾಲರಿಯಲ್ಲಿ ಕೂತು ನಮ್ಮ ಶಾಸಕರ ದೀಪವೊಂದನ್ನೇ ನೋಡಿ ಬರುತ್ತಿದ್ದ. ಅಲ್ಲಿ ರಾತ್ರಿ ತಂಗಿದವನಲ್ಲ. ಅಮೆರಿಕದ ನಮ್ಮ ಈ ಡಕೋಟಾದ ಚಳಿಯಲ್ಲಿ ಬೆಳಗಾಗುವಷ್ಟರಲ್ಲಿ ಅವನು ಸಾಕಿದ ಕೋಳಿಗಳ ನೀರು ಕಲ್ಲಾಗಿರುತ್ತದೆ. ಬಿಸಿನೀರು ಹೊತ್ತುಕೊಂಡು ತಾನೇ ಹೋಗಬೇಕು, ಇನ್ನೊಬ್ಬರ ಕೈ ಅವಕ್ಕೆ ಒಗ್ಗುವುದಿಲ್ಲ ಎಂಬುದು ಅವನ ಹಠ. ಸಂಜೆಯ ಬಸ್ಸು ಅವನ ಪಾಲಿಗೆ ವ್ರತದಂತಿತ್ತು.

ಹಿಂದೊಬ್ಬ ಶಾಸಕ, ರಸ್ತೆಯ ಮಸೂದೆಗೆ ತಾನೇ ಹೆಗಲು ಕೊಟ್ಟೆನೆಂದು ಇದೇ ನೆಲಮಾಳಿಗೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದಾಗ, ಆಲ್ವಿನ್ ಸಕ್ಕರೆ ಕಲಕುತ್ತಲೇ “ಕೆಂಪು ಕಣಯ್ಯಾ, ಕಣ್ಣಾರೆ ಕಂಡೆ” ಎಂದಿದ್ದ. ಆ ಮನುಷ್ಯನ ಬಾಯಲ್ಲಿದ್ದ ಕೇಕು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅಂದಿನಿಂದ ಊರಿಗೆ ಅವನ ಮಾತೆಂದರೆ ಮಾತು.

ವರ್ನಾ ಲೀಬೆಲ್ಟ್ ನಮ್ಮ ಶಾಸಕಿಯಾಗಿದ್ದಾಗ ಸಣ್ಣ ಊರುಗಳ ಆಸ್ಪತ್ರೆ ಉಳಿಸುವ ಮಸೂದೆ ಬಂತು. ನಮ್ಮ ಆಸ್ಪತ್ರೆಯ ಜೀವ ಅದರಲ್ಲೇ ಇತ್ತು; ಮಸೂದೆಗಾಗಿ ಅತಿಹೆಚ್ಚು ಓಡಾಡಿದವಳೂ ವರ್ನಾಳೇ. ಅದು ಮತಕ್ಕೆ ಬಂದ ಮರುಭಾನುವಾರ ಆಲ್ವಿನ್ ಕಾಫಿ ಮುಟ್ಟಲಿಲ್ಲ.

“ಮಸೂದೆ ಬಿತ್ತು. ಅವಳ ದೀಪ ಮೊದಲು ಹಸಿರಿತ್ತು. ಮುಗಿಯೋ ಹೊತ್ತಿಗೆ ಕೆಂಪಾಯ್ತು. ಕಣ್ಣಾರೆ ಕಂಡೆ.”

ಮೊದಲಿನಿಂದ ಕೆಂಪಿದ್ದರೆ ಕ್ಷಮಿಸುತ್ತಿದ್ದರೇನೋ. ಹಸಿರು ಕೆಂಪಾದದ್ದನ್ನು ಊರು ಕ್ಷಮಿಸಲಿಲ್ಲ.

ವರ್ನಾ ನೆಲಮಾಳಿಗೆಗೇ ಬಂದು, ನಿಂತು, ವಿವರಿಸಿದಳು: “ಸೋಲ್ತಿದೀವಿ ಅಂತ ಗೊತ್ತಾಯ್ತು. ಬಿದ್ದ ಮಸೂದೇನ ಮತ್ತೆ ಎತ್ತಿ ಅಂತ ಕೇಳೋ ಹಕ್ಕು ಗೆದ್ದ ಕಡೆ ಮತ ಹಾಕಿದವರಿಗೆ ಮಾತ್ರ. ಅದಕ್ಕೇ ಕೆಂಪು ಒತ್ತಿದೆ. ಮಾರನೇ ದಿನ ಕೇಳ್ದೆ. ಎರಡು ಮತ ಸಾಲದೆ ಹೋಯ್ತು.”

“ಅಂದ್ರೆ ನಮ್ಮನ್ನ ಉಳಿಸೋಕೇ ನಮಗೆ ಕತ್ತಿ ಹಾಕ್ದೆ ಅನ್ನು!” ಎಂದು ಗಿರಣಿಯ ಬರ್ನಿ ಕೆಣಕಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಆಲ್ವಿನ್. ಆ ಶರತ್ಕಾಲದ ಚುನಾವಣೆಯಲ್ಲಿ ವರ್ನಾ ಸೋತಳು. ಚಳಿಗಾಲ ಬರುವ ಮುಂಚೆ ಆಸ್ಪತ್ರೆಯೂ ಬಾಗಿಲು ಹಾಕಿತು.

ಮುಂದಿನ ಅಧಿವೇಶನದಲ್ಲಿ ಒಮ್ಮೆ ಹಿಮಗಾಳಿ ಎದ್ದು ಸಂಜೆಯ ಬಸ್ಸು ಹೊರಡಲಿಲ್ಲ. ಆಲ್ವಿನ್ ಜನ್ಮದಲ್ಲಿ ಮೊದಲ ಬಾರಿಗೆ ಎರಡನೆಯ ದಿನವೂ ಗ್ಯಾಲರಿಯಲ್ಲಿ ಕೂತ. ಹಿಂದಿನ ದಿನ ಹಸಿರನ್ನು ಕೆಂಪು ಮಾಡಿದ್ದ ಯಾವನೋ ಸದಸ್ಯ ಎದ್ದು, ಅದೇ ಮಸೂದೆಯನ್ನು ಮತ್ತೆ ಎತ್ತಿಕೊಳ್ಳಿರೆಂದು ಕೇಳಿದ. ಅದು ಪಾಸೂ ಆಯಿತು. ಹೀಗೂ ಮಾಡುವುದುಂಟೇ ಎಂದು ಬಾಗಿಲು ಕಾಯುವ ಮುದುಕನನ್ನು ಆಲ್ವಿನ್ ವಿಚಾರಿಸಿದನಂತೆ. “ಇಷ್ಟು ವರ್ಷದಿಂದ ಬರ್ತೀಯ, ಇದೂ ಗೊತ್ತಿಲ್ವೇನಯ್ಯಾ?” ಎಂದನಂತೆ ಅವನು.

ಅವನು ಊರಿಗೆ ಮರಳಿದ ಮೇಲೆ ಒಂದು ದಿನ, ನಾನು ವರ್ನಾಳ ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದಾಗ ಆಲ್ವಿನ್ ಮೊಟ್ಟೆಯ ಬುಟ್ಟಿ ಹಿಡಿದು ಬಂದ. ಬಾಗಿಲಲ್ಲೇ ನಿಂತು ನೀಲಿ ಗುಂಡಿಯನ್ನು ತಿರುಚುತ್ತಿದ್ದ.

“ನೀನು ಹೇಳಿದ್ದು ನಿಜ ಕಣಮ್ಮ.”

“ಹೇಳಿದ್ನಲ್ಲ ಆಲ್ವಿನ್. ನೀನೇ ನಕ್ಕಿದ್ದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಮೊಟ್ಟೆಗಳನ್ನು ಎತ್ತಿಟ್ಟುಕೊಂಡು ಖಾಲಿ ಬುಟ್ಟಿಯನ್ನು ಅವನ ಕೈಗೆ ಕೊಟ್ಟಳು.

ಆ ಭಾನುವಾರ ಅವನು ನೆಲಮಾಳಿಗೆಯಲ್ಲಿ ಎದ್ದು ನಿಂತ. “ವರ್ನಾ ವಿಷಯದಲ್ಲಿ ನಾನು ತಪ್ಪು ಹೇಳ್ದೆ.”

“ಅವಳ ದೀಪ ಕೆಂಪಾಗಿರ್ಲಿಲ್ವಾ?” ಎಂದ ಬರ್ನಿ.

“ಆಗಿತ್ತು.”

“ಕಣ್ಣಾರೆ ಕಂಡೆ ತಾನೆ?”

“ಕಂಡೆ.”

“ಮತ್ತೇನು? ಕೂತ್ಕೊಳ್ಳೋ ಮಾರಾಯ, ಕಾಫಿ ಆರ್ತಿದೆ.”

ಮಾತನ್ನು ನಂಬಬೇಡಿರೆಂದು ಊರಿಗೆ ಕಲಿಸಿದವನ ಕೈಯಲ್ಲಿ ಈಗ ಮಾತೊಂದೇ ಉಳಿದಿತ್ತು. ಮೇಜಿನಿಂದ ಮೇಜಿಗೆ, ಕಾಣದ ಹಲಗೆಗಳ ಮೇಲೆ ಕಾಲಿಡುತ್ತ, ಅವನು ಸುತ್ತಿದ. ಒಬ್ಬೊಬ್ಬರೂ ಬೆನ್ನು ತಟ್ಟಿ, ವಯಸ್ಸಾಯ್ತು, ಮನಸ್ಸು ಮೆತ್ತಗಾಗಿದೆ ಎಂದು ಕರುಣೆ ತೋರಿದರು.

ಆಲ್ವಿನ್‌ನಂಥವರು ಸುಳ್ಳು ಹೇಳುವುದಿಲ್ಲ. ನನಗೆ ವ್ಯಥೆಯಾಗುವುದು ಅದಕ್ಕೇ. ಸುಳ್ಳುಗಾರನ ಮಾತನ್ನು ಊರು ಸೋಸಿ ತೆಗೆದುಕೊಳ್ಳುತ್ತದೆ; ಸತ್ಯವಂತನದನ್ನು ಇಡಿಯಾಗಿ ನುಂಗುತ್ತದೆ, ಆಮೇಲೆ ಅವನೇ ಬೇಡಿಕೊಂಡರೂ ಹಿಂದಿರುಗಿಸುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳುವವರು ಎಲ್ಲ ಊರಲ್ಲೂ ಇದ್ದಾರು. ಮರುದಿನವೂ ಕೂತು ನೋಡುವವರು ಕಡಿಮೆ.

ಆಲ್ವಿನ್ ಈಗ ರಾಜಧಾನಿಗೆ ಹೋಗುವುದಿಲ್ಲ. ಇವತ್ತು ಬೆಳಿಗ್ಗೆಯೂ ನನ್ನ ಕಿಟಕಿಯಿಂದ ಕಂಡ: ಹಬೆಯಾಡುವ ಕೆಟಲು ಹಿಡಿದು, ಹಿಮದಲ್ಲಿ ಹಳಿಯ ಹೆಜ್ಜೆ ಹಾಕುತ್ತ ಹೋಗಿ, ಕೋಳಿಗೂಡಿನ ಮುಂದೆ ಮೊಣಕಾಲೂರಿ, ತೊಟ್ಟಿಯ ಮಂಜುಗಡ್ಡೆಯ ಮೇಲೆ ಬಿಸಿನೀರು ಸುರಿಯುತ್ತಿದ್ದ.