ಮೇಲಿನ ಮೇಜು

ಬಂಗಾರಪೇಟೆ ಕಡೆಯ ಆ ಹಳ್ಳಿಯಲ್ಲಿ ಇಂದ್ರಾಣಿಯ ದಿನ ಮೂರು ಹಸುಗಳ ಕೊಟ್ಟಿಗೆಯಲ್ಲಿ ಶುರುವಾಗುತ್ತಿತ್ತು. ಅವಳು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅತ್ತೆ ಮುನಿಶಾಮಮ್ಮ ಮುದ್ದೆಗೆ ಎಸರಿಟ್ಟಿರುತ್ತಿದ್ದಳು. ಗಂಡ ಮುನೀಂದ್ರ ಆಂಡರ್ಸನ್‌ಪೇಟೆಯ ತನ್ನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೊರಟು ನಿಂತಿರುತ್ತಿದ್ದ. ಕುಡಿತವಿಲ್ಲ, ಬೀಡಿಯಿಲ್ಲ. ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಎಂದು ತವರಿನವರು ಹೇಳುತ್ತಿದ್ದರು.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಮಾವ ಜಯರಾಮಪ್ಪ ಜಗಲಿಯಲ್ಲಿ ಚಾಪೆ ಹಾಸಿ ಇಸ್ಪೀಟು ಹಂಚಲೇಬೇಕು. "ಒಸತೊಡಕಿನ ದಿನ ಎಲೆ ಇಡೀದ ಮನೆಗೆ ವರ್ಸವೆಲ್ಲಾ ಲಕ್ಷ್ಮಿ ಬರಲ್ಲ" ಎನ್ನುತ್ತಿದ್ದ. ಮೂರು ವರ್ಷದ ಹಿಂದೆ ಆ ಚಾಪೆಯ ಮೇಲೆ ಗೆದ್ದ ದುಡ್ಡೇ ಮುನೀಂದ್ರನನ್ನು ರಾಬರ್ಟ್‌ಸನ್‌ಪೇಟೆಯ ಒಂದು ಮಹಡಿ ಕೋಣೆಗೆ ಕರೆದೊಯ್ದಿತು. ಅಲ್ಲಿ ದುಡ್ಡು ಕಟ್ಟಿ ಆಡುವ ಪೋಕರ್ ಎಂಬ ಇಸ್ಪೀಟಾಟ ನಡೆಯುತ್ತಿತ್ತು. ಚಿಕ್ಕ ಮೇಜಿಗೆ ಐನೂರು ಇಟ್ಟು ಕೂರಬೇಕು, ಮೇಲಿನ ಮೇಜಿಗೆ ಎರಡು ಸಾವಿರ.

"ಇದು ಜೂಜಲ್ಲ ಕಣೆ, ಶಿಸ್ತು," ಎಂದು ಅವನು ಇಂದ್ರಾಣಿಗೆ ವಿವರಿಸಿದ್ದ. "ಆಟದ ದುಡ್ಡು ಬೇರೆ, ಮನೆ ದುಡ್ಡು ಬೇರೆ. ಮೇಜಿಗಿಡೋ ದುಡ್ಡಿನ ನಲವತ್ತು ಪಟ್ಟು ಕೈಯಲ್ಲಿದ್ರೆ ಮಾತ್ರ ಆ ಮೇಜು. ಇಪ್ಪತ್ತು ಪಟ್ಟಿಗೆ ಇಳಿದ್ರೆ ಕೆಳಗಿನ ಮೇಜಿಗೆ ವಾಪಸ್ಸು."

ಎರಡು ವರ್ಷ ಅವನು ಆ ಮಾತಿಗೆ ತಪ್ಪಲಿಲ್ಲ. ಅದೇ ಇಂದ್ರಾಣಿಗೆ ಹೆದರಿಕೆ ಹುಟ್ಟಿಸುತ್ತಿತ್ತು. ಕುಡುಕನಾಗಿದ್ದರೆ ಬೈಯಬಹುದಿತ್ತು, ಲೆಕ್ಕ ಇಟ್ಟು ಆಡುವವನಿಗೆ ಏನು ಹೇಳುವುದು?

ಆಡಲು ಹೊರಡುವ ದಿನ ಅವನು ನೋಟುಗಳನ್ನು ಎಂಟು ವರ್ಷದ ಮಗಳು ನವ್ಯಳ ಕೈಗೆ ಕೊಟ್ಟು ಮತ್ತೆ ಈಸಿಕೊಳ್ಳುತ್ತಿದ್ದ. "ನಮ್ ಮೊಮ್ಮಗಳ ಕೈಗುಣ ದೊಡ್ಡದು," ಎಂದು ಜಯರಾಮಪ್ಪ ಮೀಸೆ ತಿರುವುತ್ತಿದ್ದ. ಮಗು ಹಿಗ್ಗುತ್ತಿತ್ತು.

ದೀಪಾವಳಿ ಹೊತ್ತಿಗೆ ಆಟದ ದುಡ್ಡು ಮೂವತ್ತಾರು ಸಾವಿರವಾಯಿತು. ಮುನೀಂದ್ರ ಮೇಲಿನ ಮೇಜಿಗೆ ಹತ್ತಿದ.

"ಎಂಬತ್ತು ಸಾವಿರ ಇರ್ಬೇಕಲ್ವಾ? ನಿಮ್ಮ ನಿಯಮವೇ ತಾನೆ?" ಎಂದಳು ಇಂದ್ರಾಣಿ.

"ಅದೃಷ್ಟ ಬಾಗಿಲಿಗೆ ಬಂದಾಗ ಲೆಕ್ಕ ಎಣಿಸ್ತಾ ಕೂರೋಕಾಗುತ್ತಾ?"

ಹತ್ತೇ ದಿನ. ಅಷ್ಟೂ ಹೋಯಿತು. ಕೆಳಗಿನ ಮೇಜಿಗೆ ಇಳಿಯಲು ಅವನಿಗೆ ನಾಚಿಕೆ. ಇಂದ್ರಾಣಿ ಡೇರಿಗೆ ಹೋಗಿದ್ದಾಗ ಅಪ್ಪ ಮಗ ಸೇರಿ ಗಬ್ಬದ ಹಸುವನ್ನು ಮಾರಿಬಿಟ್ಟರು. "ಕರು ಹಾಕೋದ್ರೊಳಗೆ ವಾಪಸ್ ತರ್ತೀನಿ," ಎಂದ ಮುನೀಂದ್ರ. ಖಾಲಿ ಗೂಟದಲ್ಲಿ ಉಳಿದಿದ್ದ ಹಗ್ಗವನ್ನು ಇಂದ್ರಾಣಿ ಬಿಚ್ಚಿ ಸುತ್ತಿಟ್ಟಳು. ಆ ದುಡ್ಡೂ ಸಂಕ್ರಾಂತಿ ಕಾಣಲಿಲ್ಲ. ಅಂಗಡಿ ದಿನ ಬಿಟ್ಟು ದಿನ ತೆರೆಯತೊಡಗಿತು. ಬೈಕಿನ ಸದ್ದು ಕೇಳಿದರೆ ಸಾಕು, ಇವತ್ತು ಏನು ಹೋಯಿತೋ ಎಂದು ಅವಳು ಕೊಟ್ಟಿಗೆಗೆ ಹೋಗಿ ಉಳಿದೆರಡು ಹಸುಗಳನ್ನು ನೋಡಿ ಬರುತ್ತಿದ್ದಳು.

ಒಂದು ಮಧ್ಯಾಹ್ನ ಬಚ್ಚಲಲ್ಲಿ ನವ್ಯ ಪಾತ್ರೆ ತಿಕ್ಕುವ ನಾರಿಗೆ ಬೂದಿ ಹಚ್ಚಿಕೊಂಡು ಅಂಗೈ ಉಜ್ಜುತ್ತಿದ್ದಳು. ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು.

"ಏನೇ ಇದು!"

"ನನ್ ಕೈಗುಣ ಓಯ್ತಂತೆ ಅಮ್ಮ. ತಾತ ಅಂದ್ರು. ಅದ್ಕೇ ಅಪ್ಪ ಸೋಲ್ತಿರೋದಂತೆ. ತೊಳೆದ್ರೆ ಸರೋಗಲ್ವಾ?"

ಇಂದ್ರಾಣಿ ಆ ಕೈಯನ್ನು ಎದೆಗೊತ್ತಿಕೊಂಡಳು. ಹಸು ಹೋದಾಗ ಬಾರದ ಅಳು ಅವತ್ತು ಬಂತು.

ಹೊಸತೊಡಕು ಬಂತು. ಜಗಲಿಯಲ್ಲಿ ಚಾಪೆ ಬಿತ್ತು; ಪಕ್ಕದ ಮನೆಯ ಚಲಪತಿ, ವೆಂಕಟೇಶಪ್ಪ ಬಂದು ಕೂತರು. ಮುನೀಂದ್ರ ಒಳಗೆ ಬಂದು ಡೇರಿಯಿಂದ ಬಂದ ಹಾಲಿನ ಬಟವಾಡೆ ದುಡ್ಡು ಕೇಳಿದ. "ಇದೊಂದ್ಸಲ. ಒಸ ವರ್ಸ, ಒಸ ಅದೃಷ್ಟ."

ಅವನ ಬೆನ್ನಿಗೇ ಜಯರಾಮಪ್ಪನ ಕೂಗು: "ನವ್ಯಾ, ಬಾರಮ್ಮ, ಎಲೆ ಮುಟ್ಟಿ ಕೊಡು."

ಇಂದ್ರಾಣಿ ಹೊಸಿಲು ದಾಟಿ ಜಗಲಿಗೆ ಬಂದಳು. "ನನ್ನ ಮಗಳು ಮುಟ್ಟಲ್ಲ, ಮಾವ. ನಾನು ದುಡ್ಡೂ ಕೊಡಲ್ಲ."

"ತಾತ ಮುತ್ತಾತರ ಕಾಲದಿಂದ ನಡ್ಕೊಂಡ್ ಬಂದಿರೋದು! ಎಂಗಸು ನೀನು ಬೇಡ ಅಂದ್ರೆ ನಿಂತೋಗುತ್ತಾ?"

"ನಡ್ಕೊಂಡ್ ಬಂದು ಎಲ್ಲಿಗೆ ಮುಟ್ಟಿದೆ ನೋಡಿ." ಅವಳು ತಾತನ ಕೂಗಿಗೆ ಬಂದು ನಿಂತಿದ್ದ ಮಗಳ ಅಂಗೈ ಬಿಡಿಸಿ ತೋರಿಸಿದಳು. ಹಿಂದೆಯೇ ಬಂದ ಗಂಡನ ಕಡೆ ತಿರುಗಿದಳು. "ನಿಮ್ಮ ಲೆಕ್ಕ ತಪ್ಪಿರಲಿಲ್ಲ. ಹತ್ತೋಕೆ ಎಷ್ಟು ಬೇಕು, ಯಾವಾಗ ಇಳೀಬೇಕು, ಎಲ್ಲಾ ಇತ್ತು. ಸೋತ ಮನುಷ್ಯ ಇಳಿಯಲ್ಲ ಅನ್ನೋದೊಂದು ಅದ್ರಲ್ಲಿರ್ಲಿಲ್ಲ. ನಿಮ್ಮ ಸೋಲನ್ನ ಎಂಟು ವರ್ಷದ ಕೂಸು ಹೊತ್ಕೋಬೇಕಾ?"

ಮುನೀಂದ್ರ ಆ ಕೈ ನೋಡಿದ.

"ಎಲೆ ಆಕ್ಲಾ ಚಲಪತಿ," ಎಂದು ಜಯರಾಮಪ್ಪ ಗುಡುಗಿದ.

ಆಗ ಒಳಗಿಂದ ಮುನಿಶಾಮಮ್ಮ ಬಂದಳು. ಗಂಡನ ಎದುರು ಎಂದೂ ದನಿ ಎತ್ತದವಳು ಅವಳು. "ಮದುವೆಯಾದ ವರ್ಸವೇ ನನ್ ಕಿವಿ ಓಲೆ ಈ ಜಗಲೀಲಿ ಓಯ್ತು. ಬಿಚ್ಕೊಟ್ಟೋಳು ನಾನೇ," ಎಂದಳು. "ಅವತ್ತು ನಾನು ಬಾಯಿ ಬಿಟ್ಟಿದ್ರೆ ಇವತ್ತು ಈ ಮಗು ಕೈ ಸುಲೀತಿರ್ಲಿಲ್ಲ. ಏಳ್ರಯ್ಯ ಮ್ಯಾಲಕ್ಕೆ."

ಯಾರೂ ಏಳಲಿಲ್ಲ. ಮುದುಕಿ ಬಗ್ಗಿ ಚಾಪೆಯ ಒಂದು ತುದಿ ಹಿಡಿದು ಎಳೆದಳು. ಎಲೆಗಳು ಜಾರಿ ಅಂಗಳಕ್ಕೆ ಚೆಲ್ಲಿದವು.

ಇಂದ್ರಾಣಿ ಗಂಡನನ್ನೇ ನೋಡುತ್ತಿದ್ದಳು. ಕೊನೆಗೆ ಮುನೀಂದ್ರ ಬಗ್ಗಿ, ಅಪ್ಪನ ಮುಖ ನೋಡದೆ, ಚಾಪೆಯ ಇನ್ನೊಂದು ತುದಿ ಹಿಡಿದು ತಾಯಿಯೊಂದಿಗೆ ಎಳೆದ.