ಹಾಯಿಯ ಅಡಿಯಿಂದ ಕಂಡದ್ದು

ವಿಚಾರಣೆ ಆರು ಗಂಟೆಗೆ, ದೋಣಿ ಕ್ಲಬ್ಬಿನ ಮಹಡಿ ಕೋಣೆಯಲ್ಲಿ ಎಂದು ಚೀಟಿ ಅಂಟಿಸಿದ್ದರು. ಅಕ್ಕ ತಂಗಿ ಐದೂವರೆಗೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಬಟ್ಟೆ ಇನ್ನೂ ಒದ್ದೆ.

ಅಕ್ಕ ಹಲ್ಲಿನ ಡಾಕ್ಟರು. ಹನ್ನೊಂದು ವರ್ಷದಿಂದ ಹಾಯಿದೋಣಿ ಪಂದ್ಯದಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದವಳು ಇವತ್ತು ಮೊದಲ ಸಲ ಎಲ್ಲರಿಗಿಂತ ಮುಂಚೆ ಗುರಿ ದಾಟಿದ್ದಳು. ತಂಗಿ ಸಿಟಿ ಬಸ್ಸಿನ ಡ್ರೈವರ್. ದೋಣಿಯಲ್ಲಿ ಮಾತ್ರ ಅವಳದು ಮುಂದಿನ ಜಾಗ. ಮುಂದಿನ ಹಾಯಿಯ ಹಗ್ಗ ಎಳೆಯಬೇಕು, ಬಗ್ಗಿ ಅದರ ಅಡಿಯಿಂದ ಆಚೆ ಯಾರು ಬರುತ್ತಿದ್ದಾರೆಂದು ನೋಡಿ ಹೇಳಬೇಕು. ಹಿಂದೆ ಕೂತವರಿಗೆ ಆ ಕಡೆ ಕಾಣುವುದಿಲ್ಲ.

ದೂರು ಕೊಟ್ಟವನು ಬೇಕರಿಯವನು. ಕ್ಲಬ್ಬಿನಲ್ಲಿ ಎಲ್ಲರಿಗೂ ಅವನು ‘ಮೀಸೆ’. ಎಡದಿಂದ ಗಾಳಿ ಹಿಡಿದು ಹೋಗುವ ದೋಣಿ, ಬಲದಿಂದ ಗಾಳಿ ಹಿಡಿದು ಬರುವ ದೋಣಿಗೆ ದಾರಿ ಬಿಡಬೇಕು. ಇವರು ಬಿಡಲಿಲ್ಲ, ಡಿಕ್ಕಿ ತಪ್ಪಿಸಲು ನಾನೇ ತಿರುಗಿಸಬೇಕಾಯಿತು ಎಂದು ಬರೆದಿದ್ದ.

“ಒಂದು ದೋಣಿ ಹಿಡಿಸುವಷ್ಟು ಜಾಗ ಇತ್ತು ಅಂತ ಹೇಳು. ಅಷ್ಟು ಸಾಕು,” ಎಂದಳು ಅಕ್ಕ.

“ಅಕ್ಕ, ಅದು…”

“ಹೋಗು ಅಂದಿದ್ದು ನೀನೇ ತಾನೆ?”

ತಂಗಿ ಹೋಗು ಎಂದದ್ದು ನಿಜ. ಆದರೆ ಹಗ್ಗ ಸಿಕ್ಕಾಗಿತ್ತು, ಅದನ್ನು ಬಿಡಿಸುತ್ತಾ ನೋಡದೆಯೇ ಅಂದುಬಿಟ್ಟಿದ್ದಳು. ಬಗ್ಗಿ ನೋಡುವಷ್ಟರಲ್ಲಿ ಮೀಸೆಯ ದೋಣಿಯ ಮೂತಿ ಕೈ ಚಾಚಿದರೆ ಸಿಗುವ ಹಾಗಿತ್ತು.

ಒಳಗೆ ಮೂವರು ತೀರ್ಪುಗಾರರು. ನಡುವೆ ಕೂತಿದ್ದ ಹಿರಿಯರು ಮೇಜಿನ ಮೇಲೆ ಎರಡು ಆಟಿಕೆ ದೋಣಿ ಇಟ್ಟು, “ಎಲ್ಲಿದ್ರಿ, ತೋರಿಸಿ,” ಎಂದರು. ಅಕ್ಕ ಎರಡರ ನಡುವೆ ಮೂರು ಬೆರಳು ಜಾಗ ಬಿಟ್ಟಳು. ಮೀಸೆ ತನ್ನದನ್ನು ತಂದು ಅವಳದಕ್ಕೆ ತಾಗಿಸಿಯೇ ಇಟ್ಟ.

“ಸುಮ್ನೆ ನಾಟಕ ಸರ್,” ಎಂದಳು ಅಕ್ಕ. “ಇವರು ತಿರುಗಿಸೋ ಅಗತ್ಯನೇ ಇರ್ಲಿಲ್ಲ.”

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ? ಇವಳ ಹಣೆ ನೋಡಿ,” ಎಂದ ಮೀಸೆ. ಅವನ ಜೊತೆ ದೋಣಿಯಲ್ಲಿದ್ದ ಹೆಂಡತಿ ಹಣೆಗೆ ಐಸ್ ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು. ದೋಣಿ ಗಕ್ಕನೆ ತಿರುಗಿದಾಗ ಹಾಯಿಯ ಅಡ್ಡಕೋಲು ಬಡಿದಿತ್ತು. “ಹಲ್ಲು ಕೀಳೋರಿಗೆ ಬೇರೆಯವರ ನೋವು ಎಲ್ಲಿ ಗೊತ್ತಾಗುತ್ತೆ.”

“ಮಾತು ದೋಣಿ ಬಗ್ಗೆ ಇರಲಿ,” ಎಂದ ಹಿರಿಯರು ತಂಗಿಯ ಕಡೆ ತಿರುಗಿದರು. “ನೀವು ಮುಂದೆ ಕೂತಿದ್ರಿ. ಅವರು ತಿರುಗಿಸದೆ ಇದ್ದಿದ್ರೆ ತಾಗ್ತಿತ್ತಾ?”

ಅಕ್ಕ ತಂಗಿಯನ್ನು ನೋಡಲಿಲ್ಲ. ಮೇಜಿನ ಅಂಚು ಹಿಡಿದ ಅವಳ ಉಗುರು ಬೆಳ್ಳಗಾಗಿತ್ತು. ಹೋದ ವರ್ಷ ತಂಗಿಯ ಬಸ್ಸಿಗೆ ಲಾರಿ ಗುದ್ದಿದಾಗ, ತಪ್ಪು ಬಸ್ಸಿನದೇ ಎಂದು ಲಾರಿಯ ಕ್ಲೀನರ್ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ್ದ. ತಂಗಿಯ ಲೈಸೆನ್ಸ್ ಕೂದಲೆಳೆಯಲ್ಲಿ ಉಳಿದಿತ್ತು. ಆ ವಿಚಾರಣೆಯ ನಾಲ್ಕು ದಿನವೂ ಕ್ಲಿನಿಕ್ ಮುಚ್ಚಿ ಪಕ್ಕದಲ್ಲಿ ಕೂತಿದ್ದವಳು ಈ ಅಕ್ಕನೇ.

“ತಾಗ್ತಿತ್ತು ಸರ್,” ಎಂದಳು ತಂಗಿ. “ನಾನು ನೋಡದೆ ಹೋಗು ಅಂದೆ. ತಪ್ಪು ನಂದು.”

ಹತ್ತು ನಿಮಿಷದಲ್ಲಿ ತೀರ್ಪು ಬಂತು. ಅಕ್ಕನ ದೋಣಿ ಅನರ್ಹ, ಪಂದ್ಯದ ಕಪ್ ಮೀಸೆಯ ಪಾಲಾಯಿತು. ಅವನು ಕೈ ಚಾಚಿದ. ಅಕ್ಕ ಕುಲುಕಿದಳು.

ಕೆಳಗೆ ದೋಣಿಯ ಕಂಬ ಬಿಚ್ಚಬೇಕಿತ್ತು. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರೂ ಹೆಗಲು ಕೊಟ್ಟು ಶೆಡ್ಡಿನ ತನಕ ಹೊತ್ತರು.

“ಕ್ಷಮಿಸು ಅಕ್ಕ.”

“ಅವರ ಹಾಯಿಯ ನೆರಳು ನನ್ನ ಕಾಲ ಮೇಲೆ ಬಿತ್ತು,” ಎಂದಳು ಅಕ್ಕ, ಮುಂದೆ ನೋಡುತ್ತಲೇ. “ಎಷ್ಟು ಹತ್ತಿರ ಇದ್ದಾರೆ ಅಂತ ಆಗ್ಲೇ ಗೊತ್ತಾಯ್ತು.”

ತಂಗಿ ನಿಂತುಬಿಟ್ಟಳು. ಕಂಬ ಅಕ್ಕನನ್ನು ಹಿಂದಕ್ಕೆ ಜಗ್ಗಿತು. “ಗೊತ್ತಿದ್ದೂ ನನ್ನ ಕೈಲಿ ಸುಳ್ಳು ಹೇಳಿಸೋಕೆ ನೋಡಿದ್ಯಾ?”

ಅಕ್ಕ ಜಾರುತ್ತಿದ್ದ ಕಂಬವನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

“ಹೌದು,” ಎಂದಳು. “ನಡಿ, ಭಾರ ಆಗ್ತಿದೆ.”

ತಂಗಿ ಕೂಡಲೇ ಹೆಜ್ಜೆ ಎತ್ತಲಿಲ್ಲ. ಆಮೇಲೆ ಹೆಗಲು ಬದಲಿಸಿಕೊಂಡು ನಡೆದಳು.