ಉಸಿರು ಹಿಡ್ಕೊಳ್ಳಿ

ಮೈಮೇಲೆ ಲೋಹದ್ದೇನೂ ಉಳಿದಿಲ್ಲವೆಂದು ಕೇಳಿ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಟೆಕ್ನಿಷಿಯನ್ ನನ್ನನ್ನು ಎಂಆರ್‌ಐ ಯಂತ್ರದ ಹಲಗೆಯ ಮೇಲೆ ಮಲಗಿಸಿದ. ನನ್ನ ಗಂಡ ತೀರಿಕೊಳ್ಳುವವರೆಗೂ ಈ ಕೋಣೆಯಲ್ಲಿ ಅವನೊಂದಿಗೆ ಪಾಳಿ ಹಂಚಿಕೊಂಡಿದ್ದವನು ಇವನೇ. ಈಗಲೂ ನನ್ನನ್ನು ಅತ್ತಿಗೆ ಎನ್ನುತ್ತಾನೆ.

"ಅಲ್ಲಾಡ್ಬೇಡಿ ಅತ್ತಿಗೆ. ಚಿತ್ರ ಕಲಸಿಹೋದ್ರೆ ಡಾಕ್ಟರು ನನ್ನ ತಲೆ ತಿಂತಾರೆ."

ನನ್ನ ಹೊಟ್ಟೆಯ ಸ್ನಾಯುವಿನಲ್ಲೊಂದು ಗಡ್ಡೆಯಿದೆ. ಕ್ಯಾನ್ಸರ್ ಅಲ್ಲ, ಆದರೂ ಅಕ್ಕಪಕ್ಕದ ಮಾಂಸದೊಳಕ್ಕೆ ಹಬ್ಬುತ್ತದೆ. ಒಂದು ವರ್ಷದಿಂದ ಹಾರ್ಮೋನ್ ಮಾತ್ರೆ ನುಂಗುತ್ತಿದ್ದೇನೆ. ಅದು ಕೆಲಸ ಮಾಡಿದೆಯೋ ಇಲ್ಲವೋ ಈ ಸ್ಕ್ಯಾನ್ ಹೇಳಬೇಕು. ಇಲ್ಲವೆಂದರೆ ಹೊಟ್ಟೆಯ ಅರ್ಧ ಗೋಡೆಯನ್ನೇ ಕತ್ತರಿಸಿ ತೆಗೆದು ಜಾಲರಿ ಹೊಲಿಯುತ್ತಾರೆ. ಏನಾದರೂ ಆಗಲಿ ಎಂದುಕೊಂಡು ಬಂದಿದ್ದೆ.

ಹಲಗೆ ಒಳಕ್ಕೆ ಸರಿಯಿತು. ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ನನ್ನ ಗಂಡ ಮಾತಾಡಿದ.

"ಉಸಿರು ಒಳಗೆ ತಗೊಳ್ಳಿ. ಹಿಡ್ಕೊಳ್ಳಿ."

ಹಿಡಿಯಲಿಲ್ಲ. ಕೂಗಿದೆನೋ ಏನೋ, ಗೊತ್ತಿಲ್ಲ. ಏಳಲು ಹೋಗಿ ಹಣೆ ಯಂತ್ರಕ್ಕೆ ಬಡಿಯಿತು. ತೊಂದರೆಯಾದರೆ ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರ್ ಚೆಂಡನ್ನು ಹಿಸುಕುತ್ತಲೇ ಇದ್ದೆ. ಯಂತ್ರದ ಗಡಗಡ ನಿಂತಿತು. ಹಲಗೆ ಹೊರಬಂದಾಗ ಟೆಕ್ನಿಷಿಯನ್ ಮುಖ ಬಿಳಿಚಿಕೊಂಡಿತ್ತು.

"ಅಯ್ಯೋ ಅತ್ತಿಗೆ, ತಪ್ಪಾಯ್ತು. ಅಣ್ಣ ರೆಕಾರ್ಡ್ ಮಾಡಿಟ್ಟದ್ದು. ತಾನಾಗೇ ಬರುತ್ತೆ. ದಿನಾ ಕೇಳಿ ಕೇಳಿ ಅದು ಅಣ್ಣನ ದನಿ ಅನ್ನೋದೇ ನಂಗೆ ಮರೆತುಹೋಗಿದೆ."

"ದಿನಾ?"

"ದಿನಾ. ಬಂದವರಿಗೆಲ್ಲ."

ಗಂಡನ ಒಂದು ಮಾತು ಸಿಕ್ಕೀತೇ ಎಂದು ನಾನು ಫೋನ್ ತಡಕಾಡುತ್ತಿದ್ದಾಗ, ಇಲ್ಲಿ ಅವನು ಊರವರಿಗೆಲ್ಲ ಉಸಿರು ಹಿಡಿಯಲು ಹೇಳುತ್ತಿದ್ದ. ಅವನಿದ್ದಾಗ ಆದ ನನ್ನ ಸ್ಕ್ಯಾನ್‌ಗಳಲ್ಲಿ ಇದನ್ನು ಹಾಕಿರಲಿಲ್ಲ. ನನಗಾದರೆ ಮೈಕಿನಲ್ಲೇ ಗದರುತ್ತಿದ್ದ: "ಏಯ್, ಉಸಿರು ಹಿಡಿ. ಮನೇಲಂತೂ ಬಾಯಿ ಮುಚ್ಚಲ್ಲ, ಇಲ್ಲಾದ್ರೂ ಮುಚ್ಚು."

"ಇನ್ನೊಂದ್ ಸಲ ತೆಗೀಲೇಬೇಕು ಅತ್ತಿಗೆ, ಇದ್ರಲ್ಲಿ ಏನೂ ಕಾಣಲ್ಲ. ಆ ದನಿ ಆಫ್ ಮಾಡಿ ನಾನೇ ಹೇಳ್ತೀನಿ."

"ಬೇಡ. ಅದೇ ಇರ್ಲಿ."

"ಅತ್ರೂ ಚಿತ್ರ ಹಾಳಾಗುತ್ತೆ."

"ಅಳಲ್ಲ."

ಮತ್ತೆ ಒಳಗೆ. ಅವನು ಹಿಡ್ಕೊಳ್ಳಿ ಎಂದ, ಹಿಡಿದೆ. ಯಂತ್ರ ಗಡಗಡಿಸಿತು. "ಈಗ ಬಿಡಿ" ಎಂದ. ಆ ಮಾತಿನ ಬಾಲಕ್ಕೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಪ್ರತಿ ಸಲವೂ ಅಲ್ಲೇ, ಹಾಗೇ. ಹೊಟ್ಟೆ ಉರಿಯಿತು. ಅಲ್ಲಾಡಲಿಲ್ಲ.

ಹೊರಬಂದೊಡನೆ ಕೇಳಿದೆ. "ಆ ನಗೋಳು ಯಾರು?"

ಅವನು ಪಿಳಿಪಿಳಿ ಕಣ್ಣು ಬಿಟ್ಟ. "ನೀವೇ ಅತ್ತಿಗೆ. ಇದನ್ನ ರೆಕಾರ್ಡ್ ಮಾಡಿದ ದಿನ ಊಟದ ಡಬ್ಬಿ ತಂದಿದ್ರಿ. ಅಣ್ಣನ ಬಾಯಲ್ಲಿ ಅಷ್ಟೊಂದು ಮರ್ಯಾದೆ ಕೇಳಿ ನಕ್ಬಿಟ್ರಿ. ಮತ್ತೆ ಮಾಡೋಣ ಅಂದ್ರೆ ಅಣ್ಣ ಬಿಡ್ಲಿಲ್ಲ. ಇರ್ಲಿ ಬಿಡೋ, ಹೆದರ್ಕೊಂಡು ಬಂದವರು ಸ್ವಲ್ಪ ಸಡಿಲ ಆಗ್ಲಿ ಅಂದ್ರು."

ನನ್ನ ನಗು ನನಗೇ ಗುರುತು ಹತ್ತಿರಲಿಲ್ಲ.

ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಹಾಕಿದರು.

"ಗಾತ್ರ ಅಷ್ಟೇ ಇದೆ. ಆದ್ರೆ ಬಣ್ಣ ನೋಡಮ್ಮ. ಆಗ ಬೆಳ್ಳಗಿತ್ತು, ಅಂದ್ರೆ ಚುರುಕಾಗಿತ್ತು. ಈಗ ಕಪ್ಪಾಗ್ತಿದೆ, ತಣ್ಣಗಾಗ್ತಿದೆ. ಮಾತ್ರೆ ನಾಟಿದೆ. ಸದ್ಯಕ್ಕೆ ಆಪರೇಷನ್ ಬೇಡ. ನಾಲ್ಕು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ. ಹಣೆಗೇನಾಯ್ತು?"

"ಏನಿಲ್ಲ."

ಟೆಕ್ನಿಷಿಯನ್ ಬಾಗಿಲ ಬಳಿ ಕಾದಿದ್ದ. "ಅತ್ತಿಗೆ, ಆ ರೆಕಾರ್ಡಿಂಗ್ ಅಳಿಸಿಬಿಡ್ಲಾ?"

"ನಾಲ್ಕು ತಿಂಗಳಿಗೆ ಮತ್ತೆ ಬರ್ತೀನಲ್ಲೋ," ಎಂದೆ. "ಮುಟ್ಬೇಡ."